ಜೂನಿಯರ್ ಜಿಮ್ನಾಸ್ಟಿಕ್ಸ್‌ನಲ್ಲಿ ಚೆಂದಕ್ಕೆ ಅಂಕ ಇಲ್ವಾ?

ಮಗಳು ಫ್ಲೋರ್ ಮೇಲೆ, ಅಂದರೆ ಸಂಗೀತಕ್ಕೆ ನೆಲದ ಹಾಸಿನ ಮೇಲೆ ಮಾಡುವ ಸುತ್ತಿನಲ್ಲಿ, ಎಲ್ಲರಿಗಿಂತ ಚೆಂದ ಕುಣಿದಳು, ಆದರೂ ಐದನೇ ಜಾಗ, ಚೆಂದಕ್ಕೆ ಅಂಕವೇ ಇಲ್ವಾ ಅಂತ ಕೇಳಿದ್ದೀರಿ. ಇದೆ, ಆದರೆ ಅದು ಕೊಡುವ ಅಂಕ ಅಲ್ಲ, ಕಳೆಯುವ ಅಂಕ. ನಾನು ಕೋಚ್ ಅಲ್ಲ. ಅಕ್ಕನ ಮಗಳ ಬ್ಯಾಗ್ ಹೊತ್ತು ಡೊಂಬಿವಲಿಯಲ್ಲಿ ಲೋಕಲ್ ಹತ್ತುವ ಮಾವ, ಅಷ್ಟೆ.

ಲೆಕ್ಕ ಎರಡು ಥರ. ಎಷ್ಟು ಕಷ್ಟದ್ದು ಮಾಡಿದಳು ಅನ್ನೋದು ಕೂಡುತ್ತಾ ಹೋಗುತ್ತದೆ. ಎಷ್ಟು ಚೊಕ್ಕವಾಗಿ ಅನ್ನೋದು 10ರಿಂದ ಶುರುವಾಗಿ ಇಳಿಯುತ್ತಾ ಹೋಗುತ್ತದೆ. ಬಿದ್ದರೆ ಪೂರ್ತಿ 1 ಅಂಕ ಹೋಯಿತು. ಮೈ ಒಂದು ಕಡೆ, ಸಂಗೀತ ಒಂದು ಕಡೆ ಅನ್ನಿಸಿದರೆ ಚೂರುಚೂರೇ ಕಳೆಯುತ್ತಾರೆ. ಅಂದರೆ ಎಷ್ಟೇ ಚೆಂದ ಕುಣಿದರೂ ಜಾಸ್ತಿ ಏನೂ ಬರಲ್ಲ, ಹೋಗಬೇಕಾದದ್ದು ಉಳಿಯುತ್ತೆ.

ನಮ್ಮ ಹುಡುಗಿ ಫ್ಲೋರ್‌ಗೆ ಚೆಂಡೆ ಮದ್ದಳೆಯೇ ಬೇಕು ಅಂತ ಹಟ ಹಿಡಿದಿದ್ದಳು. ಅವಳ ಅಜ್ಜನಿಗೆ ಯಕ್ಷಗಾನದ ಹುಚ್ಚು, ಮುಂಬೈಯಲ್ಲಿ ಎಲ್ಲಿ ಆಟ ಇದ್ದರೂ ಇವಳನ್ನೂ ಎಳೆದುಕೊಂಡು ಹೋಗುತ್ತಿದ್ದರು. ಹೆಣ್ಣುಮಕ್ಕಳ ಫ್ಲೋರ್ ಸಂಗೀತದಲ್ಲಿ ಮಾತು ಇರಬಾರದು, ಹಾಗಾಗಿ ಭಾಗವತರ ಪದ ಹೋಯಿತು, ಬರೀ ಚೆಂಡೆ ಉಳಿಯಿತು, ಅದೂ 90 ಸೆಕೆಂಡಿನೊಳಗೆ. ಪುಣೆಯ ಬಾಲೇವಾಡಿಯ ಸ್ಪರ್ಧೆಯಲ್ಲಿ ಮೂಲೆಯಲ್ಲಿ ನಿಂತು ವೇಷಧಾರಿಯ ಹಾಗೆ ಕತ್ತು ಓರೆ ಮಾಡಿ ನೋಡಿದಳು, ಚೆಂಡೆಯ ಪೆಟ್ಟಿಗೆ ಸರಿಯಾಗಿ ಒಂದು ಸುತ್ತು ಜಿಗಿತ, ಥೇಟ್ ಯಕ್ಷಗಾನದ ದಿಗಿಣ! ಪಕ್ಕದಲ್ಲಿದ್ದ ಮರಾಠಿ ಅಜ್ಜಿ 'ಅಗಬಾಯಿ' ಅಂದರು. ನಾನಂತೂ ಪದಕ ಬಂದೇ ಬಿಟ್ಟಿತು ಅಂದುಕೊಂಡೆ. ಆದರೆ ಗಾಳಿಯಲ್ಲಿ ಕಾಲು 180 ಡಿಗ್ರಿ ತೆರೆದಿರಲಿಲ್ಲ, ಇಳಿಯುವಾಗ ಒಂದು ಹೆಜ್ಜೆ ಜಾಸ್ತಿ, ಕೊನೆಯ ಪಲ್ಟಿಯಲ್ಲಿ ಒಂದು ಪಾದ ಗೆರೆ ದಾಟಿತು. ಗೆರೆಗೆ 0.1. ಇವೆಲ್ಲ ನಮ್ಮ ಕಣ್ಣಿಗೆ ಕಾಣಲ್ಲ, ಜಡ್ಜ್‌ಗೆ ಅದೇ ಕಾಣೋದು.

0.1 ಏನು ಮಹಾ ಅನ್ನಬೇಡಿ. 2016ರ ರಿಯೋ ಒಲಿಂಪಿಕ್ಸ್‌ನ ವಾಲ್ಟ್‌ನಲ್ಲಿ, ಅಂದರೆ ಓಡಿ ಬಂದು ಮೇಜಿನ ಮೇಲಿಂದ ಹಾರುವ ಸ್ಪರ್ಧೆಯಲ್ಲಿ, ಭಾರತದ ದೀಪಾ ಕರ್ಮಾಕರ್‌ಗೆ ಕಂಚು ತಪ್ಪಿದ್ದು 0.150ರಲ್ಲಿ.

ಇನ್ನೊಂದು, ಚೆಂದ ಸಾಲದೆ ಹೋದರೆ ಬೀಮ್ ಮೇಲೂ ಇದೇ ಕಡಿತ ಇದೆ. 10 ಸೆಂಟಿಮೀಟರ್ ಅಗಲದ ಹಲಗೆ, ಅಲ್ಲಿ ಚೆಂಡೆ ಇಲ್ಲ. ಫ್ಲೋರ್‌ನಲ್ಲಿ ರಾಣಿಯಂತಿದ್ದವಳು ಬೀಮ್ ಹತ್ತಿದರೆ ಬಸ್ಸಿಗೆ ಕಾಯುವವಳ ಹಾಗೆ ನಿಂತು ನಿಂತು ಮುಂದಕ್ಕೆ ಹೋಗ್ತಾಳೆ. ನಿಜವಾಗಿ ಅಂಕ ಸೋರಿದ್ದು ಅಲ್ಲೇ.

ನೀವು ಮೊದಲು ಕಷ್ಟದ ಅಂಕ, ಚೊಕ್ಕತನದ ಅಂಕ ಬೇರೆ ಬೇರೆ ಎಷ್ಟು ಬಂತು ಅಂತ ಕೇಳಿ. ಕಷ್ಟದ್ದೇ ಕಮ್ಮಿ ಇದ್ದರೆ ಕುಣಿತ ತಿದ್ದಿ ಏನೂ ಪ್ರಯೋಜನ ಇಲ್ಲ. ನಮ್ಮವಳಿಗೆ ಸಂಗೀತ ಬದಲಿಸು ಅಂತ ಒಬ್ಬರು ಹೇಳಿದರು, ಕೇಳಲಿಲ್ಲ. ಈಗ ಒಂದು ಕಾಲು ಸೋಫಾ ಮೇಲೆ, ಇನ್ನೊಂದು ನೆಲದ ಮೇಲೆ ಚಾಚಿಕೊಂಡೇ ಹೋಮ್‌ವರ್ಕ್ ಬರೀತಾಳೆ.