ಅಮ್ಮನನ್ನು ತಮ್ಮ ದೂಡಿದ, ಮಗಳನ್ನು ತವರಿಗೆ ಕರೆದೊಯ್ಯಲೇ?

ಪ್ರಶ್ನೆ: ನನ್ನ ತವರು ಕಾಪು ಹತ್ತಿರ. 29 ವರ್ಷದ ತಮ್ಮನಿಗೆ ನಾಲ್ಕು ವರ್ಷದಿಂದ ಸ್ಕಿಜೋಫ್ರೇನಿಯಾ ಎಂಬ ಮನೋರೋಗ. ಮಾತ್ರೆ ಬಿಟ್ಟು ಎರಡು ತಿಂಗಳಾಯಿತು. ಪಕ್ಕದ ಮನೆಯವರು ತನ್ನ ಮೇಲೆ ಕ್ಯಾಮೆರಾ ಇಟ್ಟಿದ್ದಾರೆ ಅನ್ನುತ್ತಾನೆ. ಹೋದ ವಾರ ಅಲ್ಲಿಗೆ ಜಗಳಕ್ಕೆ ಹೊರಟವನನ್ನು ತಡೆದ ಅಮ್ಮನನ್ನು ದೂಡಿದ, ಅವರು ಬಿದ್ದರು. ದೊಡ್ಡಪ್ಪ "ಕೋಣೆಗೆ ಹಾಕಿ ಚಿಲಕ ಹಾಕಿ, ಜೋಯಿಸರಲ್ಲಿ ಪ್ರಶ್ನೆ ಇಡುವ" ಅನ್ನುತ್ತಾರೆ. ಆರು ವರ್ಷದ ಮಗಳನ್ನು ಇನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡ ಎಂದು ಗಂಡನ ಹಟ. ಅವಳಿಗೆ ಮಾವ ಅಂದರೆ ಜೀವ. ಇಂಥವರು ಒಂದು ದಿನ ಕೊಲ್ಲುತ್ತಾರಂತೆ, ಹೌದಾ?

ಉತ್ತರ: ಇಲ್ಲ. ಈ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ಯಾರ ಮೇಲೂ ಕೈ ಮಾಡುವುದಿಲ್ಲ. ಅವರ ಜೀವಕ್ಕೆ ಅಪಾಯ ಹೆಚ್ಚಾಗಿ ಅವರಿಂದಲೇ. ಆದರೂ ನಿಮ್ಮ ಹೆದರಿಕೆಗೆ ಕಾರಣ ಉಂಟು. ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಮ್ಯಾಕ್‌ಆರ್ಥರ್ ಅಧ್ಯಯನ, ಮನೋರೋಗ ವಿಭಾಗದಿಂದ ಮನೆಗೆ ಹೋದವರನ್ನು ಅವರ ನೆರೆಹೊರೆಯವರ ಜೊತೆ ಹೋಲಿಸಿ ನೋಡಿತು. ಕುಡಿತ, ಮಾದಕ ವಸ್ತುಗಳ ಸಹವಾಸ ಇಲ್ಲದ ರೋಗಿಗಳು, ಅದೇ ರೀತಿ ಇದ್ದ ನೆರೆಯವರಿಗಿಂತ ಹೆಚ್ಚು ಹಿಂಸೆ ಮಾಡಿರಲಿಲ್ಲ. ಮಾಡಿದವರು ಕೈ ಎತ್ತಿದ್ದು ಬಹುಪಾಲು ಮನೆಯವರ, ಪರಿಚಯದವರ ಮೇಲೆ. ಹಾಗಾಗಿ ಕಾಯಿಲೆಯ ಹೆಸರು ಬಿಡಿ, ಈ ವಾರ ತಮ್ಮ ಹೇಗಿದ್ದಾನೆ ನೋಡಿ.

ರಾತ್ರಿ ನಿದ್ದೆ ಉಂಟಾ? ಸಂಜೆ ಬಾರ್‌ಗೆ ಹೋಗುತ್ತಾನಾ? ಅಮ್ಮ ಬಡಿಸಿದ ಗಂಜಿಯಲ್ಲಿ ವಿಷ ಇದೆ ಅನ್ನುತ್ತಾನಾ? "ಹೊಡಿ" ಎಂದು ಧ್ವನಿ ಕೇಳಿಸುತ್ತದೆ ಅಂದನಾ, ಒಬ್ಬರದೇ ಹೆಸರು ಹಿಡಿದು ಸಿಟ್ಟು ಕಾರುತ್ತಾನಾ, ದಿಂಬಿನಡಿ ಕತ್ತಿ ಇಟ್ಟಿದ್ದಾನಾ? ಕೊನೆಯ ಮೂರರಲ್ಲಿ ಒಂದಿದ್ದರೂ ಆಸ್ಪತ್ರೆಗೆ ಕರೆದೊಯ್ಯಲು ನಾಳೆಗೆ ಕಾಯಬೇಡಿ. ಸಾಯುವ ಮಾತು ಬಂದರೂ ಅಷ್ಟೇ.

ಮೆಟ್ಟುಕತ್ತಿ, ಹುಲ್ಲು ಕೊಯ್ಯುವ ಕತ್ತಿ, ತೋಟದ ಔಷಧಿ ಡಬ್ಬಿ ಇವತ್ತೇ ಬೇರೆ ಮನೆಗೆ ಸಾಗಿಸಿ. ಅವನು ಕೆರಳಿದಾಗ ಟಿವಿ ಆರಿಸಿ, ಒಬ್ಬರೇ ಮಾತಾಡಿ, ಎರಡು ಮಾರು ದೂರ ನಿಲ್ಲಿ. ಬಾಗಿಲು ನಿಮಗೂ ಹತ್ತಿರ ಇರಲಿ, ಅವನ ದಾರಿಗೂ ಅಡ್ಡ ಬರಬೇಡಿ. ಅಮ್ಮನಿಗೆ ಪೆಟ್ಟಾದದ್ದು ಅಡ್ಡ ನಿಂತದ್ದರಿಂದಲೇ. ತನ್ನನ್ನು ಸುತ್ತುವರಿದಿದ್ದಾರೆ ಎಂದು ನಂಬಿದವನಿಗೆ ಅಡ್ಡ ಬಂದ ಕೈಯೂ ವೈರಿಯದೇ. ಕ್ಯಾಮೆರಾ ಇಲ್ಲ ಎಂದು ವಾದಿಸಬೇಡಿ, ಉಂಟು ಎಂದು ತಲೆಯಾಡಿಸಲೂ ಬೇಡಿ. "ನಿಂಗೆ ತುಂಬ ಹೆದರಿಕೆ ಆಗಿದೆ ಅಲ್ವಾ, ನಿದ್ದೆಯೂ ಇಲ್ಲ. ಡಾಕ್ಟ್ರ ಹತ್ರ ಹೋಗಿ ಬರುವ" ಅನ್ನಿ. ನಿದ್ದೆಯ ವಿಷಯಕ್ಕೆ ಒಪ್ಪುವವರು ಬಹಳ.

ಉಳಿದ ಹಳೇ ಮಾತ್ರೆಯನ್ನು ನೀವೇ ಶುರು ಮಾಡಬೇಡಿ. ಅದು ಕ್ಲೋಜಪಿನ್ ಆಗಿದ್ದರೆ, 48 ಗಂಟೆಗಿಂತ ಹೆಚ್ಚು ತಪ್ಪಿದ ಮೇಲೆ ಮತ್ತೆ 12.5 ಮಿಲಿಗ್ರಾಂನಿಂದಲೇ ಏರಿಸುತ್ತಾ ಬರಬೇಕು; ಹಳೇ ಪ್ರಮಾಣ ಒಮ್ಮೆಲೇ ಕೊಟ್ಟರೆ ಬಿಪಿ ಕುಸಿಯಬಹುದು. ಸಾರಿನಲ್ಲಿ ಬೆರೆಸಿ ಕೊಡುವುದಂತೂ ಬೇಡವೇ ಬೇಡ. ಗೊತ್ತಾದ ದಿನ ವಿಷದ ಅನುಮಾನ ನಿಜವಾಯಿತು ಅಂದುಕೊಳ್ಳುತ್ತಾನೆ. ಯಾಕೆ ಬಿಟ್ಟೆ ಎಂದು ಕೇಳಿ: ಮಂಪರು, ತೂಕ, ಕೈನಡುಕ, ಲೈಂಗಿಕ ತೊಂದರೆ. ಗಂಡುಮಕ್ಕಳು ಕೊನೆಯದನ್ನು ಅಕ್ಕನಿಗೆ ಹೇಳಲಾರರು, ಡಾಕ್ಟರ್ ಅವನೊಬ್ಬನನ್ನೇ ಕೂರಿಸಿಕೊಂಡು ಕೇಳಲಿ. ಮಾತ್ರೆ ಬದಲಿಸಬಹುದು. ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್‌ಗಳೂ ಇವೆ.

ನಿಮಗೆ ಹತ್ತಿರ ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ. ಹೊರಡುವ ಮೊದಲು 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಬರಲೊಪ್ಪದೆ ಕೈಮೀರಿದರೆ ಪೊಲೀಸರನ್ನು ಕರೆಯಲು 112. "ಹುಚ್ಚ ಗಲಾಟೆ ಮಾಡ್ತಿದ್ದಾನೆ" ಅನ್ನದೆ ಕಾಯಿಲೆಯ ಹೆಸರು, ಮಾತ್ರೆ ಬಿಟ್ಟ ದಿನ, ಕೈಯಲ್ಲಿ ಆಯುಧ ಉಂಟಾ ಇಲ್ಲವಾ ಹೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಪೊಲೀಸರು ಇಂಥವರನ್ನು ಲಾಕಪ್ಪಿಗೆ ಹಾಕುವಂತಿಲ್ಲ. 24 ಗಂಟೆಯೊಳಗೆ ಸರಕಾರಿ ಆಸ್ಪತ್ರೆಗೆ ಒಯ್ಯಬೇಕು. ತುರ್ತಿನಲ್ಲಿ ಅವನ ಒಪ್ಪಿಗೆ ಸಿಗದಿದ್ದರೂ 72 ಗಂಟೆಯವರೆಗೆ ಚಿಕಿತ್ಸೆಗೆ ಅವಕಾಶ ಇದೆ.

ದೊಡ್ಡಪ್ಪನಿಗೆ ಇಷ್ಟು ಹೇಳಿ: ಸರಪಳಿ ಹಾಕುವುದನ್ನು ಅದೇ ಕಾಯ್ದೆ ನಿಷೇಧಿಸಿದೆ, ಚಿಲಕ ಹಾಕಿದ ಕೋಣೆಯೊಳಗೆ ಅವನು ತನಗೇ ಏನಾದರೂ ಮಾಡಿಕೊಂಡರೆ ಹೊರಗೆ ಗೊತ್ತಾಗುವುದಿಲ್ಲ. ಪ್ರಶ್ನೆ ಇಡುವುದಾದರೆ ಇಡಲಿ, ಆಸ್ಪತ್ರೆ ಅದಕ್ಕಾಗಿ ಕಾಯಬಾರದು.

ಮಗಳ ವಿಷಯದಲ್ಲಿ ಸದ್ಯಕ್ಕೆ ನಿಮ್ಮ ಗಂಡ ಹೇಳುವುದು ಸರಿ. ಸಂಶಯ ಇಳಿದು ನಿದ್ದೆ ಹತ್ತಿ, ಡಾಕ್ಟರ್ ಆಗಬಹುದು ಅನ್ನುವವರೆಗೆ ಬೇಡ. ಆಮೇಲೆ ನೀವು ಜೊತೆಗಿದ್ದು ಹಗಲು ಹೊತ್ತು ಕರೆದುಕೊಂಡು ಹೋಗಿ. "ಮಾವನಿಗೆ ಹುಷಾರಿಲ್ಲ, ಮದ್ದು ತಗೊಳ್ತಿದ್ದಾನೆ" ಅಂದರೆ ಮಗುವಿಗೆ ಅರ್ಥವಾಗುತ್ತದೆ.

ಅಮ್ಮನನ್ನೂ ಡಾಕ್ಟರಿಗೆ ತೋರಿಸಿ. ಮಣಿಕಟ್ಟು, ಸೊಂಟ ನೋಯುತ್ತಿದ್ದರೂ ಮಗನ ಹೆಸರು ಬರುತ್ತದೆಂದು ಸುಮ್ಮನಿರುತ್ತಾರೆ.