ಆದಿವಾಸಿಗಳು ವ್ಯಾಪಾರಕ್ಕೆ ಇಳಿದರೆ ಕಾಡು ಬರಿದಾಗುವುದಿಲ್ಲವೇ?

ನಿಮ್ಮ ಅನುಮಾನ ನನಗೂ ಇತ್ತು. ಮೈಸೂರಿನಲ್ಲಿ ನನ್ನದೊಂದು ಪುಟ್ಟ ಅಂಗಡಿ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಜೇನುತುಪ್ಪ ತರಿಸಿ ಮಾರುತ್ತೇನೆ. ಆ ಬೆಟ್ಟದ ವಿಷಯವಷ್ಟೇ ಹೇಳಬಲ್ಲೆ.

ಸೋಲಿಗರು ವ್ಯಾಪಾರಕ್ಕೆ ಹೊಸಬರೇನಲ್ಲ. ನೆಲ್ಲಿಕಾಯಿ, ಸೀಗೆಕಾಯಿ, ಅಂಟುವಾಳ, ಪಾಚಿ, ಹೆಜ್ಜೇನು ಎಲ್ಲ ದಶಕಗಳಿಂದ ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿ ಮೂಲಕ ಹೋಗುತ್ತಿದ್ದವು. ಎಷ್ಟೋ ಮನೆಗಳಿಗೆ ಕೈಗೆ ಬರುವ ದುಡ್ಡಿನಲ್ಲಿ ಅರ್ಧದಷ್ಟು ಇದರದ್ದೇ. ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂದು, 2004ರ ಹೊತ್ತಿಗೆ ಮಾರಾಟಕ್ಕೆ ಸಂಗ್ರಹಿಸುವುದಕ್ಕೇ ತಡೆ ಬಿತ್ತು. ಕಾಡು ಬಲ್ಲ ಜನ ಕೂಲಿ ಹುಡುಕಿಕೊಂಡು ಬೆಟ್ಟ ಇಳಿದರು.

ಆಮೇಲೆ 2006ರ ಅರಣ್ಯ ಹಕ್ಕು ಕಾಯ್ದೆ ಬಂತು. 2011ರ ಅಕ್ಟೋಬರ್ 2ರಂದು 25 ಪೋಡುಗಳ, ಅಂದರೆ ಸೋಲಿಗರ ಹಾಡಿಗಳ, ಗ್ರಾಮಸಭೆಗಳಿಗೆ ಕಾಡಿನ ಉತ್ಪನ್ನ ಸಂಗ್ರಹಿಸಿ ಮಾರುವ ಸಮುದಾಯ ಹಕ್ಕುಪತ್ರ ಸಿಕ್ಕಿತು. ಅಷ್ಟರಲ್ಲಿ ಆ ಬೆಟ್ಟ ಹುಲಿ ಮೀಸಲು ಪ್ರದೇಶವೂ ಆಗಿತ್ತು. ಹುಲಿ ಕಡಿಮೆಯಾದವಾ? 2010ರ ಲೆಕ್ಕದಲ್ಲಿ 35, 2014ರಲ್ಲಿ 68. ಪೂರ್ತಿ ಶ್ರೇಯ ಸೋಲಿಗರಿಗೇ ಅಂತ ನಾನು ಹೇಳಲ್ಲ. ಆದರೆ ಜನ ಒಳಗಿದ್ದರೆ ಹುಲಿ ಉಳಿಯಲ್ಲ ಅನ್ನುವ ಮಾತಿಗೆ ಈ ಬೆಟ್ಟ ಸಾಕ್ಷಿ ಹೇಳುವುದಿಲ್ಲ.

ಕಾಯಿ ಕೀಳುವಾಗ ಕೊಂಬೆ ಕಡಿಯುವವರು ಇಲ್ಲವೇ ಅಂದರೆ, ಇದ್ದಾರೆ. ಆದರೆ ಯಾವಾಗ ಕಡಿಯುತ್ತಾರೆ? ಮುಂದಿನ ವರ್ಷ ಮರ ತನ್ನದಾಗಿರುತ್ತೋ ಇಲ್ಲವೋ ಎಂದು ಗೊತ್ತಿಲ್ಲದಾಗ. ಹಕ್ಕು ಗಟ್ಟಿಯಾಗಿದ್ದರೆ ಆ ಆತುರ ಯಾಕೆ, ಅಲ್ವಾ?

ನಿಜವಾದ ತೊಡಕು ಬೇರೆ ಕಡೆ ಇದೆ. ಹೆಜ್ಜೇನಿನ ತುಪ್ಪದಲ್ಲಿ ನೀರಿನಂಶ ಜಾಸ್ತಿ. ಹಾಗೇ ಇಟ್ಟರೆ ಹುಳಿ ಬಂದು ನೊರೆ ಏಳುತ್ತದೆ. ಸೋಸಿ, ನೀರಿನಂಶ ಇಳಿಸಿ, ಬಾಟಲಿಗೆ ತುಂಬುವ ವ್ಯವಸ್ಥೆ ಊರಲ್ಲಿಲ್ಲದಿದ್ದರೆ ಕಿತ್ತ ಕೂಡಲೇ ಬಂದವನಿಗೆ ಮಾರಬೇಕು. ಬೆಲೆ ಅವನು ಹೇಳಿದ್ದೇ. ಸೋಲಿಗರು ಬೆಳೆಯುವ ಕಾಫಿಯದೂ ಇದೇ ಕಥೆ. ಮರದ ನೆರಳಲ್ಲಿ ಬೆಳೆದ ಹಣ್ಣನ್ನು ಒಣಗಿಸಿ ಮಾರಿದರೆ ಒಂದು ಬೆಲೆ, ಹುರಿದು ಪುಡಿ ಮಾಡಿ ಮಾರಿದರೆ ಇನ್ನೊಂದು. ಆ ನಡುವಿನ ದುಡ್ಡು ಯಾರ ಜೇಬಿಗೆ ಅನ್ನುವುದರಲ್ಲೇ ಎಲ್ಲ ಇದೆ. ಸಾಗಿಸುವ ಪರವಾನಗಿಯನ್ನು ಗ್ರಾಮಸಭೆಯ ಕಡೆಯಿಂದಲೇ ಕೊಡಬಹುದು ಎಂದು ಅರಣ್ಯ ಹಕ್ಕು ಕಾಯ್ದೆಯ 2012ರ ನಿಯಮ ಹೇಳುತ್ತದೆ. ಆದರೂ ಒಮ್ಮೆ ಒಂದು ಚೆಕ್‌ಪೋಸ್ಟಿನಲ್ಲಿ ನನ್ನ ಡಬ್ಬಗಳನ್ನು ಸುಮ್ನೆ ಅರ್ಧ ದಿನ ನಿಲ್ಲಿಸಿಕೊಂಡಿದ್ದರು.

ನನ್ನ ತಪ್ಪೂ ಹೇಳಿಬಿಡುತ್ತೇನೆ. ಮೊದಲ ಸಲ ಹೋದಾಗ ಕೆ.ಜಿ.ಗೆ ಇಪ್ಪತ್ತು ರೂಪಾಯಿ ಚೌಕಾಸಿ ಮಾಡಿ ಗೆದ್ದೆ ಅಂದುಕೊಂಡು ಬಂದೆ. ಮರುವರ್ಷ ಅದೇ ಮನೆಯವರು ನನಗೆ ತುಪ್ಪ ಕೊಡಲಿಲ್ಲ. ಬೇರೆ ಗಿರಾಕಿ ಇದ್ದಾರೆ ಅಂದರು. ಈಗ ಅವರು ಹೇಳಿದ ಬೆಲೆಗೇ ತರುತ್ತೇನೆ.