ಒಂದೇ ಎಸಳು ಯಾಕೆ ಬಿಳಿ?

ಪ್ರಶ್ನೆ: ಸಂಜೆ ಮಕ್ಕಳನ್ನು ಕರ್ಕೊಂಡು ಜಯನಗರದ ಬೀದಿಗಳಲ್ಲಿ ಸುಮ್ನೆ ಒಂದು ಸುತ್ತು ಹೋಗುತ್ತೇವೆ. ಮೇ ತಿಂಗಳು, ಎಲ್ಲಿ ನೋಡಿದರೂ ಗುಲ್‌ಮೊಹರ್. ಎಲ್ಲ ಎಸಳೂ ಕೆಂಪು, ಒಂದರಲ್ಲಿ ಮಾತ್ರ ಬಿಳಿ ಯಾಕೆ ಅಂತ ಮಗಳು ಕೇಳುತ್ತಾಳೆ.
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಮಗಳ ಕಣ್ಣು ಚುರುಕಾಗಿದೆ! ಐದು ಎಸಳಲ್ಲಿ ನೆಟ್ಟಗೆ ನಿಂತಿರುವ ಆ ಒಂದು, ಮಕರಂದ ಎಲ್ಲಿದೆ ಅಂತ ಚಿಟ್ಟೆಗಳಿಗೆ ದಾರಿ ತೋರಿಸುವ ಬೋರ್ಡ್ ಇದ್ದ ಹಾಗೆ. ಮರ ಮಡಗಾಸ್ಕರ್‌ನಿಂದ ಬಂದದ್ದು, ಈಗ ನಮ್ಮೂರಿನದೇ ಆಗಿಬಿಟ್ಟಿದೆ ಅಲ್ವಾ. ಕೆಳಗೆ ಬಿದ್ದ ಮೊಗ್ಗು ಬಿಡಿಸಿ, ಇಬ್ಬರೂ ಒಂದೊಂದು ಕೇಸರ ಹಿಡಿದು, ತುದಿಗೆ ತುದಿ ಸಿಕ್ಕಿಸಿ ಎಳೆಯೋದನ್ನು ಕಲಿಸಿ. ಯಾರದರ ತಲೆ ಕಿತ್ತು ಬರುತ್ತೋ ಅವರು ಸೋತ ಹಾಗೆ. ನಾನಂತೂ ಅಣ್ಣನ ಹತ್ತಿರ ಸೋತಿದ್ದೇ ಜಾಸ್ತಿ. ಹಳದಿ ಗೊಂಚಲು ಇಳಿಬಿಟ್ಟ ಕಕ್ಕೆ ಮರ ಸಿಕ್ಕರೆ ಅದನ್ನೂ ತೋರಿಸಿ, ಅದು ಅಪ್ಪಟ ನಮ್ಮ ನೆಲದ್ದು.